ನುಡಿಸಿದವರ ಹೆಸರಿಲ್ಲದ ಒಂದು ಜಾಝ್ ಲೇಖನಕ್ಕೆ ಉತ್ತರ

ಪ್ರಿಯ ಲೇಖಕ ಮಿತ್ರರೇ,

ಅಮೆರಿಕದ ಜಾಝ್ ಸಂಗೀತಗಾರರಾದ ಡ್ಯೂಕ್ ಎಲಿಂಗ್ಟನ್ ಮತ್ತು ಕೌಂಟ್ ಬೇಸಿ ಅವರ ಬಿಗ್ ಬ್ಯಾಂಡ್ (ದೊಡ್ಡ ವಾದ್ಯತಂಡ) ಧ್ವನಿಮುದ್ರಿಕೆಗಳನ್ನು ಕುರಿತು ನೀವು ಕಳುಹಿಸಿದ ದೀರ್ಘ ಲೇಖನ ತಲುಪಿದೆ. ಈ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ವಿರಳ. ನಿಮ್ಮ ಭಾಷೆ ಚೊಕ್ಕವಾಗಿದೆ ಮತ್ತು ನಿಮ್ಮ ಉತ್ಸಾಹ ನಿಜವಾದದ್ದು ಎಂಬುದು ಮೊದಲ ಪುಟದಲ್ಲಿಯೇ ತಿಳಿಯುತ್ತದೆ. ಮೆಚ್ಚುಗೆಯನ್ನು ಇಲ್ಲಿಗೆ ಮುಗಿಸುತ್ತೇನೆ, ಏಕೆಂದರೆ ನಿಮ್ಮ ಲೇಖನ ನನ್ನನ್ನು ಕೆರಳಿಸಿದೆ. ಅದನ್ನು ಎರಡು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸಲು ನನಗೆ ಮನಸ್ಸಾಗಲಿಲ್ಲ.

ಇಷ್ಟು ಪುಟಗಳಲ್ಲಿ ನೀವು ಹೆಸರಿಸಿರುವುದು ಇಬ್ಬರು ನಾಯಕರನ್ನು ಮಾತ್ರ. ಹದಿನೈದು ಹದಿನಾರು ಜನ ಸೇರಿ ನುಡಿಸುವ ಸಂಗೀತದಲ್ಲಿ ಯಾವ ವಾದ್ಯ ಯಾರ ಕೈಯಲ್ಲಿತ್ತು, ಯಾವ ಭಾಗವನ್ನು ಯಾರು ಬರೆದರು, ಎಲ್ಲಿ ಬರೆದದ್ದು ಮುಗಿದು ವಾದಕನ ಸ್ವಂತದ್ದು ಆರಂಭವಾಯಿತು ಎಂಬ ವಿಷಯವೇ ಇಲ್ಲ. ಅದರ ಜಾಗದಲ್ಲಿ ವಿಶೇಷಣಗಳಿವೆ. ಈ ಎರಡೂ ಒಂದೇ ದೋಷದಿಂದ ಹುಟ್ಟಿವೆ ಎಂದು ನಾನು ತಿಳಿದಿದ್ದೇನೆ: ಯಾರು ಏನು ಮಾಡಿದರು ಎಂದು ಕಿವಿಗೊಟ್ಟು ಕೇಳದವರಿಗೆ ಬರೆಯಲು ಉಳಿಯುವುದು ವಿಶೇಷಣ ಮಾತ್ರ.

ನಿಮ್ಮ ಮೂರನೆಯ ಪುಟದ ಸಾಲುಗಳನ್ನೇ ತೆಗೆದುಕೊಳ್ಳುತ್ತೇನೆ. "ಎಲಿಂಗ್ಟನ್ ಅವರು ಇಸ್ಫಹಾನ್ ನಗರವನ್ನು ಕಂಡು ಪುಲಕಿತರಾಗಿ ರಚಿಸಿದ ಈ ಕೃತಿಯಲ್ಲಿ ನೀಲಿ ಗುಮ್ಮಟಗಳು ಕಣ್ಣಿಗೆ ಕಟ್ಟುತ್ತವೆ, ಸ್ಯಾಕ್ಸೋಫೋನ್‌ನ ದಿವ್ಯನಾದ ನಮ್ಮನ್ನು ಪರ್ಷಿಯಾದ ಬೀದಿಗಳಲ್ಲಿ ತೇಲಿಸುತ್ತದೆ" ಎಂದು ಬರೆದಿದ್ದೀರಿ. 1963ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಏರ್ಪಡಿಸಿದ ಪ್ರವಾಸದಲ್ಲಿ ಎಲಿಂಗ್ಟನ್ ತಂಡ ಪಶ್ಚಿಮ ಏಷ್ಯಾ, ಭಾರತ, ಸಿಲೋನ್‌ಗಳಲ್ಲಿ ನುಡಿಸಿದ್ದು ನಿಜ. ನವೆಂಬರ್ 22ರಂದು ಕೆನಡಿ ಅವರ ಹತ್ಯೆಯಾದಾಗ ಆ ಪ್ರವಾಸ ಟರ್ಕಿಯಲ್ಲಿ ಅರ್ಧಕ್ಕೇ ನಿಂತದ್ದೂ ನಿಜ. 'ಫಾರ್ ಈಸ್ಟ್ ಸ್ವೀಟ್' (ಸ್ವೀಟ್ ಎಂದರೆ ಹಲವು ಭಾಗಗಳ ಕೃತಿಮಾಲೆ) ಎಂಬ ಹೆಸರಿನಲ್ಲಿ ಆ ಪ್ರವಾಸದ ಫಲ 1966ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣಗೊಂಡಿತು. ಆದರೆ 'ಇಸ್ಫಹಾನ್' ಆ ನಗರವನ್ನು ಕಂಡು ಬರೆದದ್ದಲ್ಲ. ಅದನ್ನು ಬರೆದವರು ಎಲಿಂಗ್ಟನ್ ತಂಡಕ್ಕಾಗಿ ಸಂಗೀತ ರಚಿಸುತ್ತಿದ್ದ ಬಿಲ್ಲಿ ಸ್ಟ್ರೇಹಾರ್ನ್, ಅದೂ ಪ್ರವಾಸ ಹೊರಡುವ ಮೊದಲೇ, 'ಎಲ್ಫ್' ಎಂಬ ಬೇರೊಂದು ಹೆಸರಿನಲ್ಲಿ. ನೀವು ಕಂಡ ಗುಮ್ಮಟಗಳು ಸಂಗೀತದಿಂದ ಬಂದವಲ್ಲ, ಮುದ್ರಿಕೆಯ ಹೊದಿಕೆಯ ಮೇಲಿನ ಶೀರ್ಷಿಕೆಯಿಂದ ಬಂದವು.

ಹಾಗಾದರೆ ಅಲ್ಲಿ ಕೇಳಿಸುವುದೇನು? ಆಲ್ಟೊ ಸ್ಯಾಕ್ಸೋಫೋನ್ ಹಿಡಿದ ಜಾನಿ ಹಾಡ್ಜಸ್ ಕೇಳಿಸುತ್ತಾರೆ. 1928ರಲ್ಲಿ ತಂಡಕ್ಕೆ ಸೇರಿ, ನಡುವೆ ಕೆಲವು ವರ್ಷ ಹೊರಗಿದ್ದು ಮತ್ತೆ ಮರಳಿದ ಈ ವಾದಕರ ಶೈಲಿಯನ್ನು ಸ್ಟ್ರೇಹಾರ್ನ್ ಚೆನ್ನಾಗಿ ಬಲ್ಲವರಾಗಿದ್ದರು. ಹಾಡ್ಜಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯನ್ನೆಲ್ಲ ಸವರಿಕೊಂಡು ಹೋಗುತ್ತಾರೆ. ನಮ್ಮ ಕಡೆಯ ಕಿವಿಗೆ ಜಾರು ಎಂಬ ಗಮಕ ಪರಿಚಿತವಾಗಿರುವುದರಿಂದ ಇದನ್ನು ಗುರುತಿಸಲು ನಿಮಗೆ ಕಷ್ಟವಾಗಬಾರದಿತ್ತು. ಆ ರಾಗದ ಎಳೆ ಒಂದು ಹಂತಕ್ಕೆ ಬಂದಾಗ ಇಡೀ ಬ್ಯಾಂಡ್ ಥಟ್ಟನೆ ನಿಂತುಬಿಡುತ್ತದೆ. ಹಾಡ್ಜಸ್ ಒಬ್ಬರೇ ಆ ತೆರವನ್ನು ದಾಟಿ ಬರುತ್ತಾರೆ. ಮತ್ತೆ ಎಲ್ಲರೂ ಅವರನ್ನು ಸೇರಿಕೊಳ್ಳುತ್ತಾರೆ. ಆ ನಿಲುಗಡೆಯನ್ನು ಬರೆದದ್ದು ಅರೇಂಜರ್ (ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಬರೆಯುವವರು), ಅದನ್ನು ತುಂಬಿದ್ದು ವಾದಕ. ಇಷ್ಟನ್ನು ಬರೆದಿದ್ದರೆ "ದಿವ್ಯನಾದ" ಎಂಬ ಮಾತು ಬೇಕಾಗುತ್ತಲೇ ಇರಲಿಲ್ಲ.

ಮುಂದಿನ ಸಾಲು ಇನ್ನೂ ಬೇಸರ ತರಿಸಿತು: "ಆಗ್ರಾ ಎಂಬ ಭಾಗದಲ್ಲಿ ಸ್ಯಾಕ್ಸೋಫೋನ್‌ಗಳು ತಾಜಮಹಲಿನ ವಿಷಾದವನ್ನು ಮೊಳಗಿಸುತ್ತವೆ." ಅಲ್ಲಿ ಮುಂದೆ ನಿಂತು ರಾಗವನ್ನು ಹೊತ್ತಿರುವುದು ಒಂದೇ ಸ್ಯಾಕ್ಸೋಫೋನ್, ಹ್ಯಾರಿ ಕಾರ್ನಿ ಅವರ ಬ್ಯಾರಿಟೋನ್, ಅಂದರೆ ತಗ್ಗಿದ ದನಿಯ ಸ್ಯಾಕ್ಸೋಫೋನ್. 1927ರಲ್ಲಿ ಹದಿಹರೆಯದಲ್ಲಿಯೇ ಎಲಿಂಗ್ಟನ್ ಜೊತೆ ಸೇರಿದ ಕಾರ್ನಿ, 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಆ ತಂಡದಲ್ಲಿಯೇ ಇದ್ದರು ಮತ್ತು ಅದೇ ವರ್ಷ ತಾವೂ ತೀರಿಕೊಂಡರು. ಎಲಿಂಗ್ಟನ್ ಬ್ಯಾಂಡ್‌ನ ಒಟ್ಟು ನಾದಕ್ಕೆ ತಳದಲ್ಲಿ ಒಂದು ದಟ್ಟವಾದ ಬಣ್ಣವಿದೆಯೆಂದು ಯಾರಿಗಾದರೂ ಅನ್ನಿಸಿದ್ದರೆ, ಆ ಬಣ್ಣದ ಬಹುಪಾಲು ಈ ಒಬ್ಬರ ಉಸಿರಿನದು. ನಾಲ್ಕು ದಶಕಗಳಿಗೂ ಮೀರಿದ ದುಡಿಮೆಯನ್ನು ನೀವು ಒಂದು ಬಹುವಚನದಲ್ಲಿ ಮುಳುಗಿಸಿಬಿಟ್ಟಿದ್ದೀರಿ. ಇದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ಶೀರ್ಷಿಕೆಗೂ ನಾದಕ್ಕೂ ನಿಜವಾದ ನಂಟಿರುವ ಕಡೆ ನೀವು ನಿಲ್ಲಲೇ ಇಲ್ಲ. ಅದೇ ಮುದ್ರಿಕೆಯ 'ಬ್ಲೂಬರ್ಡ್ ಆಫ್ ಡೆಲ್ಲಿ'ಯಲ್ಲಿ ಜಿಮ್ಮಿ ಹ್ಯಾಮಿಲ್ಟನ್ ಅವರ ಕ್ಲಾರಿನೆಟ್ ಒಂದು ಸಣ್ಣ ಸ್ವರಗುಚ್ಛವನ್ನು ಮರಳಿ ಮರಳಿ ನುಡಿಸುತ್ತದೆ. ಪ್ರವಾಸದಲ್ಲಿ ಸ್ಟ್ರೇಹಾರ್ನ್ ಅವರ ಕೋಣೆಯ ಬಳಿ ಕೂಗುತ್ತಿದ್ದ ಮೈನಾ ಹಕ್ಕಿಯ ದನಿ ಅದು. ನಮ್ಮ ದೇಶದ ಹಕ್ಕಿಯೊಂದರ ಕೂಗು ಎಲಿಂಗ್ಟನ್ ಬ್ಯಾಂಡ್‌ನ ಮುದ್ರಿಕೆಯೊಳಗೆ ಉಳಿದುಕೊಂಡಿರುವ ಸಂಗತಿಯನ್ನು ಕನ್ನಡದ ಓದುಗರಿಗೆ ಹೇಳುವ ಅವಕಾಶ ನಿಮಗಿತ್ತು. ನಿಮ್ಮ ಲೇಖನದಲ್ಲಿ ಆ ಭಾಗಕ್ಕೆ ಸಿಕ್ಕಿರುವುದು "ಲವಲವಿಕೆಯ ರಚನೆ" ಎಂಬ ಎರಡು ಪದ.

ಇಲ್ಲಿ ನನ್ನ ಕಲಿಕೆಯ ದಿನಗಳನ್ನು ನೆನೆಯದೆ ಇರಲಾರೆ. ಪತ್ರಿಕಾವೃತ್ತಿಗೆ ಬಂದ ಹೊಸದರಲ್ಲಿ ವಾರಪತ್ರಿಕೆಯೊಂದರ ಸಂಗೀತ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರ ಕೈಕೆಳಗೆ ನಾನಿದ್ದೆ. ರಾಮನವಮಿಯ ಕಚೇರಿಗಳಿಗೆ ಹೋಗಿ ಬಂದು ವರದಿ ಒಪ್ಪಿಸಿದರೆ ಅವರ ಕೆಂಪು ಶಾಯಿ ಮೊದಲು "ಮಂತ್ರಮುಗ್ಧ" ಎಂಬಂಥ ಮಾತುಗಳನ್ನು ಹೊಡೆದುಹಾಕುತ್ತಿತ್ತು. ಆಮೇಲೆ ಪ್ರಶ್ನೆಗಳು ಬರುತ್ತಿದ್ದವು: ಪಿಟೀಲಿನಲ್ಲಿ ಯಾರಿದ್ದರು, ಕಲ್ಪನಾಸ್ವರಕ್ಕೆ ಅವರು ಕೊಟ್ಟ ಉತ್ತರ ಗಾಯಕರ ಜಾಡಿನಲ್ಲಿತ್ತೋ ಬೇರೆ ದಾರಿ ಹಿಡಿಯಿತೋ, ತನಿಯಲ್ಲಿ ಘಟದವರಿಗೆ ಎಷ್ಟು ಅವಕಾಶ ಸಿಕ್ಕಿತು. ಜಾಝ್ ಮುದ್ರಿಕೆಗಳು ನನಗೆ ಪರಿಚಯವಾದದ್ದೂ ಅವರ ಮನೆಯಲ್ಲಿಯೇ. ತಟ್ಟೆ ತಿರುಗುತ್ತಿರುವಾಗ ಹಠಾತ್ತನೆ ಮುಳ್ಳನ್ನು ಎತ್ತಿ, "ಈಗ ನುಡಿಸುತ್ತಿದ್ದವರು ಯಾರು?" ಎಂದು ಕೇಳುತ್ತಿದ್ದರು. ಉತ್ತರ ಬಾರದಿದ್ದರೆ ಬಯ್ಯುತ್ತಿರಲಿಲ್ಲ. ಮುಳ್ಳನ್ನು ಹಿಂದಕ್ಕೆ ಇಟ್ಟು ಮತ್ತೆ ಕೇಳಿಸುತ್ತಿದ್ದರು. ಕಾರ್ನಿಯವರ ಬ್ಯಾರಿಟೋನನ್ನು ಮೇಳದ ನಡುವಿನಿಂದ ಹೆಕ್ಕಿ ಕೇಳಲು ನಾನು ಕಲಿತದ್ದು ಹಾಗೆ.

ಅವರು ಬಹಳ ಸಲ ಹಾಕುತ್ತಿದ್ದ ತಟ್ಟೆ 1940ರ ಮಾರ್ಚ್‌ನಲ್ಲಿ ಧ್ವನಿಮುದ್ರಣವಾದ 'ಕನ್ಸರ್ಟೋ ಫಾರ್ ಕೂಟಿ'. ನೀವು ಅದನ್ನು "ಟ್ರಂಪೆಟ್ ಪ್ರಧಾನವಾದ ಸುಮಧುರ ರಚನೆ" ಎಂದು ಕರೆದು ಮುಂದೆ ಸಾಗಿದ್ದೀರಿ. ಕೃತಿಯ ಹೆಸರಿನಲ್ಲಿಯೇ ಇರುವ ಕೂಟಿ ವಿಲಿಯಮ್ಸ್ ಎಲಿಂಗ್ಟನ್ ತಂಡದ ಟ್ರಂಪೆಟ್ ವಾದಕರೆಂದು ಹೇಳಿಲ್ಲ. ಎಲಿಂಗ್ಟನ್ ಅವರ ಕೆಲಸದ ತಿರುಳು ಇರುವುದು ಇಲ್ಲಿ. ಅವರು ಟ್ರಂಪೆಟ್‌ಗೆಂದು ಬರೆಯುತ್ತಿರಲಿಲ್ಲ, ಕೂಟಿಗೆಂದು ಬರೆಯುತ್ತಿದ್ದರು. ಅವರ ಹಸ್ತಪ್ರತಿಗಳಲ್ಲಿ ವಾದ್ಯದ ಹೆಸರಿನ ಬದಲು ವಾದಕರ ಹೆಸರುಗಳೇ ಇರುತ್ತಿದ್ದವು. ಮೂರು ನಿಮಿಷ ದಾಟಿದೊಡನೆ ಮುಗಿಯುವ ಈ ಮುದ್ರಿಕೆಯಲ್ಲಿ ಕೂಟಿ ಮೊದಲು ಟ್ರಂಪೆಟ್‌ನ ಬಾಯನ್ನು ಮ್ಯೂಟ್ ಎಂಬ ದನಿ ತಗ್ಗಿಸುವ ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ ಸಣ್ಣ ದನಿಯಲ್ಲಿ ರಾಗವನ್ನು ಹಿಡಿಯುತ್ತಾರೆ, ಆಮೇಲೆ ಗಂಟಲಿನಿಂದ ಗುರುಗುಟ್ಟಿಸುತ್ತಾರೆ, ನಡುವೆ ಶ್ರುತಿಸ್ಥಾನ ಬದಲಾದಾಗ ಮ್ಯೂಟ್ ತೆಗೆದು ತುಂಬುದನಿಯಲ್ಲಿ ನುಡಿಸುತ್ತಾರೆ, ಕೊನೆಗೆ ಮತ್ತೆ ಮುಚ್ಚಿದ ದನಿಗೆ ಮರಳುತ್ತಾರೆ. ಒಬ್ಬ ಮನುಷ್ಯನ ಬಗೆಬಗೆಯ ಕಂಠಗಳನ್ನು ಸಾಲಾಗಿ ಜೋಡಿಸಿ, ಅವುಗಳ ಸುತ್ತ ಬ್ಯಾಂಡನ್ನು ಕಟ್ಟಿದ ರಚನೆ ಅದು. ಆ ವರ್ಷದ ಕೊನೆಯಲ್ಲಿ ಕೂಟಿ ಬೆನ್ನಿ ಗುಡ್‌ಮನ್ ತಂಡಕ್ಕೆ ಹೋದಾಗ ಎಲಿಂಗ್ಟನ್ ಕಳೆದುಕೊಂಡದ್ದು ಒಂದು ಟ್ರಂಪೆಟನ್ನಲ್ಲ. ಅವರ ಜಾಗಕ್ಕೆ ಬಂದ ರೇ ನಾನ್ಸ್ ತಮ್ಮದೇ ಆದ ಬೇರೊಂದು ದನಿಯನ್ನು ತಂದರು. 1941ರ 'ಟೇಕ್ ದಿ ಎ ಟ್ರೇನ್'ನಲ್ಲಿ ಅವರು ನುಡಿಸಿದ ಸೋಲೋ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂದರೆ ಮುಂದೆ ಆ ರಚನೆಯನ್ನು ನುಡಿಸಿದ ಅನೇಕರು ಅದನ್ನೇ ಅನುಸರಿಸಿದರು. ಆ ರಚನೆಯೂ ಸ್ಟ್ರೇಹಾರ್ನ್ ಅವರದು. ನೀವು ಅದನ್ನೂ ಎಲಿಂಗ್ಟನ್ ಅವರ ಖಾತೆಗೆ ಸೇರಿಸಿದ್ದೀರಿ.

ಬೇಸಿಯವರ ಭಾಗದಲ್ಲಿ ಒಂದೇ ವಾಕ್ಯವನ್ನು ಎತ್ತಿಕೊಳ್ಳುತ್ತೇನೆ: "ಲಿಲ್ ಡಾರ್ಲಿನ್ ಬೇಸಿಯವರ ಪಿಯಾನೋ ಮಾಂತ್ರಿಕತೆಗೆ ಸಾಕ್ಷಿ." 1957ರಲ್ಲಿ ಧ್ವನಿಮುದ್ರಣವಾದ 'ದಿ ಅಟಾಮಿಕ್ ಮಿಸ್ಟರ್ ಬೇಸಿ'ಯ 11 ರಚನೆಗಳನ್ನೂ ಬರೆದು ಅರೇಂಜ್ ಮಾಡಿದವರು ನೀಲ್ ಹೆಫ್ಟಿ. 'ಲಿಲ್ ಡಾರ್ಲಿನ್'ನಲ್ಲಿ ಮ್ಯೂಟ್ ಹಾಕಿದ ಟ್ರಂಪೆಟ್ ಸೋಲೋ ವೆಂಡೆಲ್ ಕಲಿ ಅವರದು. ಒಂದೊಂದು ತಾಳಪೆಟ್ಟಿನ ಮೇಲೂ ಸಮನಾಗಿ ಕೈಯಿಡುತ್ತ ಇಡೀ ಬ್ಯಾಂಡನ್ನು ನಡೆಸುವ ಗಿಟಾರ್, ಸೋಲೋಗೆಂದು ಮುಂದೆ ಬರುವುದು ತೀರ ಅಪರೂಪವಾಗಿದ್ದ ಫ್ರೆಡ್ಡಿ ಗ್ರೀನ್ ಅವರದು. ಬೇಸಿಯವರು ಇಲ್ಲಿ ಮಾಡಿದ ದೊಡ್ಡ ಕೆಲಸ ಪಿಯಾನೋದ ಮೇಲಿನದಲ್ಲ: ಹೆಫ್ಟಿ ಸಾಕಷ್ಟು ವೇಗದ ನಡೆಯಲ್ಲಿ ಯೋಚಿಸಿದ್ದ ರಚನೆಯನ್ನು ಅವರು ಬಹಳ ನಿಧಾನಕ್ಕೆ ಇಳಿಸಿದರು. ಅಷ್ಟು ವಿಳಂಬದಲ್ಲಿ ಹದಿನಾರು ಜನ ಒಟ್ಟಿಗೆ ಹೆಜ್ಜೆಯಿಡುವುದು ವೇಗದಲ್ಲಿ ನುಡಿಸುವುದಕ್ಕಿಂತ ಕಷ್ಟ, ಮತ್ತು ಆ ರಚನೆಯ ಸೊಗಸೆಲ್ಲ ಆ ನಿಧಾನದಲ್ಲಿದೆ. ನಾಯಕನನ್ನು ಹೊಗಳಬೇಕೆಂದಿದ್ದರೆ ಈ ತೀರ್ಮಾನವನ್ನು ಹೊಗಳಿ. ಪಿಯಾನೋವನ್ನೇ ಹೊಗಳಬೇಕೆಂದಿದ್ದರೆ ಅದೇ ಮುದ್ರಿಕೆಯ ಮೊದಲ ರಚನೆ, ಬೇಸಿಯವರ ಹುಟ್ಟೂರಿನ ಹೆಸರು ಹೊತ್ತ 'ದಿ ಕಿಡ್ ಫ್ರಮ್ ರೆಡ್ ಬ್ಯಾಂಕ್' ಇದೆ. ಅಲ್ಲಿ ಪಿಯಾನೋ ಮುಂಚೂಣಿಯಲ್ಲಿ ಓಡುತ್ತದೆ.

ಲೇಖನದ ಉಳಿದ ಭಾಗಗಳ ಬಗ್ಗೆ ಈಗ ಏನನ್ನೂ ಹೇಳುವುದಿಲ್ಲ. ಬೇಸಿಯವರ ಪುಟಗಳನ್ನು ಸದ್ಯಕ್ಕೆ ತೆಗೆದಿಟ್ಟು, 'ಫಾರ್ ಈಸ್ಟ್ ಸ್ವೀಟ್' ಒಂದನ್ನೇ ಮುಂದಿಟ್ಟುಕೊಂಡು, ಪ್ರತಿಯೊಂದು ಭಾಗಕ್ಕೂ ಬರೆದವರು ಯಾರು, ಮುಂದೆ ನಿಂತು ನುಡಿಸಿದವರು ಯಾರು, ಅವರು ನುಡಿಸುವಾಗ ಹಿಂದಿನವರು ಏನು ಮಾಡುತ್ತಿದ್ದಾರೆ ಎಂಬುದನ್ನು ಕೇಳಿ ಬರೆದು ಕಳುಹಿಸಿ. ಕೊನೆಯ ಭಾಗವಾದ 'ಆ್ಯಡ್ ಲಿಬ್ ಆನ್ ನಿಪ್ಪಾನ್' ಅನ್ನು 1963ರ ಪ್ರವಾಸಕ್ಕೆ ಸೇರಿಸಿರುವ ನಿಮ್ಮ ವಾಕ್ಯವನ್ನೂ ತಿದ್ದಿ. ಅದು ತಂಡ 1964ರಲ್ಲಿ ಜಪಾನಿಗೆ ಹೋದದ್ದರ ಫಲ, ಮತ್ತು ಅಲ್ಲಿಯೂ ನೀವು ಹೆಸರಿಸದೆ ಬಿಟ್ಟ ಕ್ಲಾರಿನೆಟ್ ಜಿಮ್ಮಿ ಹ್ಯಾಮಿಲ್ಟನ್ ಅವರದೇ. ಹೊಸ ಪ್ರತಿ ಬಂದೊಡನೆ ಓದುತ್ತೇನೆ; ಅದಕ್ಕಾಗಿ ಮುಂದಿನ ಸಂಚಿಕೆಗಳಲ್ಲಿ ಸ್ಥಳ ಕಾದಿರಿಸಲು ಸಿದ್ಧನಿದ್ದೇನೆ.

ವಿಶ್ವಾಸದಿಂದ,
ಸಂಪಾದಕ