ಮುಂದೆ ಎಂಎಸ್, ಪಿಎಚ್‌ಡಿ ಮಾಡೋ ಆಸೆ ಇದ್ದರೆ ಕಂಪ್ಯೂಟರ್ ಸೈನ್ಸ್‌ಗೆ ಯಾವ ಕಾಲೇಜು?

ನೀವು ಗಂಗಾವತಿಯವರು, ಪಿಯುಸಿ ಮುಗಿದಿದೆ, ಮುಂದೆ ಮೂರು ದಾರಿ ಇವೆ ಅಂತ ಬರೆದಿದ್ದೀರಿ. ಜೆಇಇ ಮೇನ್ ರ್‍ಯಾಂಕಿನಲ್ಲಿ ರಾಯಚೂರಿನ ಐಐಐಟಿ, ಅಂದ್ರೆ ಮಾಹಿತಿ ತಂತ್ರಜ್ಞಾನ ಸಂಸ್ಥೆ. ಸಿಇಟಿಯಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜು. ಇಲ್ಲಾಂದ್ರೆ ಮನೆಯವರು ಹೇಳೋ ಹಾಗೆ ಬಳ್ಳಾರಿಯಲ್ಲೇ ಸೇರಿ ವಾರಕ್ಕೊಮ್ಮೆ ಊರಿಗೆ ಬರೋದು. ಮೂರರಲ್ಲೂ ಕಂಪ್ಯೂಟರ್ ಸೈನ್ಸೇ ಸಿಗುತ್ತೆ, ಆದರೆ ಡಿಗ್ರಿ ಆದ ಮೇಲೆ ಕೆಲಸಕ್ಕೆ ಹೋಗದೆ ಇನ್ನೂ ಓದಬೇಕು ಅನ್ನೋದು ನಿಮ್ಮ ಆಸೆ.

ನಾನು ಬಳ್ಳಾರಿಯವನು, ನಿಮ್ಮ ಮೂರನೇ ದಾರಿಯಲ್ಲೇ ಹೋದವನು. 2012ರಲ್ಲಿ ನಮ್ಮ ಕಡೆಯ ಒಂದು ವಿಟಿಯು ಕಾಲೇಜು ಸೇರಿದೆ, 2016ರಲ್ಲಿ ಬಿಇ ಮುಗಿಸಿದೆ, ಎರಡು ವರ್ಷ ಕೆಲಸ ಮಾಡಿ ಗೇಟ್ (ಎಂಟೆಕ್‌ಗೆ ಇರೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಬರೆದು ಎಂಟೆಕ್ ಮಾಡಿದೆ, ಈಗ ಪಿಎಚ್‌ಡಿ ಮುಗಿಯುವ ಹಂತದಲ್ಲಿದೆ. ಆ ಎರಡು ವರ್ಷ ಕೆಲಸಕ್ಕೆ ಹೋದದ್ದು ಇಷ್ಟಪಟ್ಟು ಅಲ್ಲ. ಅದನ್ನ ಮೊದಲು ಹೇಳಿಬಿಡ್ತೀನಿ, ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ.

ಕೊನೇ ವರ್ಷದಲ್ಲಿ ಅಮೆರಿಕದ ಐದು ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದೆ. ಅಂಕಗಳು ಚೆನ್ನಾಗಿದ್ದವು, ಅಲ್ಲಿನ ಪ್ರವೇಶಕ್ಕೆ ಬರೆಯೋ ಜಿಆರ್‌ಇ ಪರೀಕ್ಷೆ ಕೂಡ ಪರವಾಗಿಲ್ಲ ಅನ್ನೋ ಹಾಗಿತ್ತು. ಅಲ್ಲಿಗೆ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಬೇಕು, ನಿಮಗೆ ಪಾಠ ಮಾಡಿದವರೋ ಕೆಲಸ ಮಾಡಿಸಿದವರೋ ಬರೆಯಬೇಕು. ನಾನು ಮೂರು ಜನ ಸರ್ ಹತ್ರ ಹೋದೆ. ಮೂವರದೂ ಒಂದೇ ಮಾತು: "ನೀನೇ ಒಂದು ಬರ್ಕೊಂಡು ಬಾ, ಸೈನ್ ಹಾಕ್ತೀನಿ." ಸೀನಿಯರ್ ಒಬ್ಬರ ಪೆನ್‌ಡ್ರೈವಿನಲ್ಲಿ ಒಂದು ಪತ್ರ ಇತ್ತು. ಅದರಲ್ಲಿ ಹೆಸರು ಬದಲಾಯಿಸಿದೆ, ಮೂರು ಕಡೆ ವಾಕ್ಯ ಹಿಂದೆ ಮುಂದೆ ಮಾಡಿದೆ, ಝೆರಾಕ್ಸ್ ಅಂಗಡಿಯಲ್ಲಿ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿದೆ. ಕಷ್ಟಪಟ್ಟು ಓದುವ ಹುಡುಗ, ಶಿಸ್ತಿನವನು, ಶೇಕಡಾ 90 ಹಾಜರಿ ಇದೆ. ಮೂರೂ ಪತ್ರದಲ್ಲಿ ಇಷ್ಟೇ. ಹಾಜರಿ! ಪಿಎಚ್‌ಡಿಗೆ ಹುಡುಗರನ್ನ ಹುಡುಕುತ್ತಿರೋ ಪ್ರೊಫೆಸರಿಗೆ ನನ್ನ ಹಾಜರಿ ಕಟ್ಟಿಕೊಂಡು ಏನಾಗಬೇಕು. ಐದೂ ಕಡೆ ಇಲ್ಲ ಅಂದರು.

ಆ ಸರ್‌ಗಳದ್ದು ತಪ್ಪು ಅಂತ ಆಗ ಸಿಟ್ಟಿತ್ತು. ಈಗ ಅಷ್ಟಿಲ್ಲ. ಅವರಿಗೆ ವಾರಕ್ಕೆ ಹತ್ತೆಂಟು ಕ್ಲಾಸು, ಮೇಲೆ ಪೇಪರ್ ತಿದ್ದೋದು, ಕಾಲೇಜಿನ ಫೈಲುಗಳು. ನಾನು ನಾಲ್ಕು ವರ್ಷದಲ್ಲಿ ಅವರ ಜೊತೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಬರೆಯೋಕೆ ಅವರಿಗೆ ತಾನೇ ಏನಿತ್ತು?

ಹಾಗಾಗಿ ಕಾಲೇಜು ಆರಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಮೂರನೇ ವರ್ಷದ ಕೊನೆಗೆ ನನ್ನ ಕೆಲಸದ ಬಗ್ಗೆ ಒಂದು ಪುಟ ತಾವೇ ಕೂತು ಬರೆಯಬಲ್ಲ ಮೇಷ್ಟ್ರು ಇಲ್ಲಿ ಸಿಗ್ತಾರಾ? ಕಾಲೇಜಿನ ಬಾಗಿಲ ಪಕ್ಕ ಹಾಕಿರೋ ಪ್ಲೇಸ್‌ಮೆಂಟ್ ಫ್ಲೆಕ್ಸು, ಅದರಲ್ಲಿರೋ ಲಕ್ಷಗಳು, ಇವೆಲ್ಲ ಕೆಲಸಕ್ಕೆ ಹೋಗೋರಿಗೆ. ನಿಮಗೆ ಅದರಿಂದ ಜಾಸ್ತಿ ಉಪಯೋಗ ಇಲ್ಲ.

ಈ ಪ್ರಶ್ನೆ ಇಟ್ಟು ನೋಡಿದರೆ ನನ್ನ ಓಟು ರಾಯಚೂರಿಗೆ. ಐಐಟಿ ಕೇಳಿದ ಊರಿಗೆ ಐಐಐಟಿ ಕೊಟ್ಟರು ಅಂತ ನಮ್ಮ ಕಡೆ ಇನ್ನೂ ಬೇಜಾರಿದೆ, ಐಐಟಿ ಧಾರವಾಡಕ್ಕೆ ಹೋಯಿತಲ್ವಾ, ಆ ಬೇಜಾರಲ್ಲಿ ಇದನ್ನೂ ಸುಮ್ನೆ ಕಡೆಗಣಿಸೋರು ಇದ್ದಾರೆ. ಕಡೆಗಣಿಸೋ ಸಂಸ್ಥೆ ಅಲ್ಲ ಅದು. 2019ರಲ್ಲಿ ಶುರುವಾಯಿತು, ಮೊದಮೊದಲು ಐಐಟಿ ಹೈದರಾಬಾದಿನ ಆಸರೆಯಲ್ಲಿ ಅಲ್ಲೇ ಕ್ಲಾಸು ನಡೆಯುತ್ತಿತ್ತು. ಹೊಸದು ಅನ್ನೋದೇ ಎಲ್ಲರೂ ಹೇಳೋ ಕೊರತೆ. ಕಟ್ಟಡ, ಹಾಸ್ಟೆಲ್ಲು, ಹಳೇ ವಿದ್ಯಾರ್ಥಿಗಳ ಬಳಗ, ಇದ್ಯಾವುದೂ ಹಳೇ ಐಐಟಿ ಥರ ಇರಲ್ಲ, ಅದಕ್ಕೆ ತಯಾರಾಗಿ ಹೋಗಿ. ಆದರೆ ಇಂಥ ಕಡೆ ಪಾಠ ಮಾಡೋರು ಸಾಮಾನ್ಯವಾಗಿ ತಾವೇ ಪಿಎಚ್‌ಡಿ ಮಾಡಿ ಬಂದವರು, ಸಂಶೋಧನೆ ಮಾಡೋದು ಅವರ ಕೆಲಸದ ಭಾಗ, ಪೇಪರ್ ಬರೆಯದಿದ್ದರೆ ಅವರಿಗೂ ಬಡ್ತಿ ಕಷ್ಟ, ಕೈಜೋಡಿಸೋಕೆ ಹುಡುಗರು ಅವರಿಗೇ ಬೇಕಾಗಿರ್ತಾರೆ. ಹೊಸ ಜಾಗದಲ್ಲಿ ಅಂಥವರ ಬಾಗಿಲು ತಟ್ಟೋಕೆ ಸರದಿ ಕಮ್ಮಿ.

ಒಂದು ವಿಷಯ ಮನೆಯಲ್ಲಿ ಮೊದಲೇ ಹೇಳಿಡಿ. ಐಐಐಟಿ ನಮ್ಮ ರಾಯಚೂರಲ್ಲೇ ಇದ್ದರೂ ಸೀಟು ತುಂಬೋದು ದೇಶಕ್ಕೆಲ್ಲ ಒಂದೇ ಕೌನ್ಸೆಲಿಂಗ್‌ನಲ್ಲಿ. ಅಲ್ಲಿ 371ಜೆ, ಅಂದ್ರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನ ಕೊಟ್ಟ ಮೀಸಲಾತಿ, ನಡೆಯಲ್ಲ. ಅದು ನಡೆಯೋದು ಸಿಇಟಿಯಲ್ಲಿ: ನಮ್ಮ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8. ನಾನು ಸೇರಿದ ವರ್ಷ ಅದು ಇನ್ನೂ ಬಂದಿರಲಿಲ್ಲ, ನನ್ನ ತಮ್ಮನ ಹೊತ್ತಿಗೆ ಬಂತು, ನನಗೆ ಕನಸಲ್ಲೂ ಸಿಗದ ಬೆಂಗಳೂರಿನ ಸೀಟು ಅವನಿಗೆ ಆರಾಮಾಗಿ ಸಿಕ್ಕಿತು. ಎಸಿ ಆಫೀಸಿನ ಪ್ರಮಾಣಪತ್ರ ಈಗಲೇ ಮಾಡಿಸಿಕೊಳ್ಳಿ, ಕೊನೇ ವಾರದ ರಶ್ಶು ಬೇಡ.

ಬೆಂಗಳೂರಿನ ಕಾಲೇಜು ಎರಡನೇದು. ಸ್ವಾಯತ್ತ ಕಾಲೇಜಾದರೆ ಸಿಲಬಸ್ಸು, ಪ್ರಶ್ನೆಪತ್ರಿಕೆ ಅವರದೇ, ಅದು ಒಳ್ಳೇದು. ಊರಲ್ಲಿ ಐಐಎಸ್‌ಸಿ ಇದೆ, ಸಂಜೆ ಹೊತ್ತು ಯಾವುದಾದರೂ ಉಪನ್ಯಾಸಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂರಬಹುದು. ಆದರೆ 2024ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಸೀಟುಗಳ ಮಿತಿ ತೆಗೆದ ಮೇಲೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಸೆಕ್ಷನ್‌ಗಳು ಹೇಗೆ ಬೆಳೆದಿವೆ ಅಂದ್ರೆ, ಎ ಸೆಕ್ಷನ್ನಿನವರಿಗೆ ಎಫ್ ಸೆಕ್ಷನ್ನಿನವರ ಮುಖ ಗೊತ್ತಿರಲ್ಲ. ನೂರಾರು ಜನರ ನಡುವೆ ನಿಮ್ಮನ್ನ ಗುರುತಿಟ್ಟುಕೊಳ್ಳೋ ಮೇಷ್ಟ್ರನ್ನ ಹುಡುಕಬೇಕು. ಆಗದ ಕೆಲಸ ಅಲ್ಲ, ನನ್ನ ತಮ್ಮ ಮಾಡಿದ. ಆದರೆ ಅವನು ಮಾತುಗಾರ. (ಎಐ-ಎಂಎಲ್ ಅಂತ ಬೇರೆ ಬ್ರಾಂಚ್ ಕೊಟ್ಟರೆ? ಬೇಡ. ಕಂಪ್ಯೂಟರ್ ಸೈನ್ಸೇ ತಗೊಳ್ಳಿ.)

ಬಳ್ಳಾರಿಯ ಬಗ್ಗೆ ನನಗೆ ಎರಡು ಮನಸ್ಸು. ವಾರಕ್ಕೊಮ್ಮೆ ಮನೆ ಊಟ, ಕಮ್ಮಿ ಖರ್ಚು, ಟ್ರಾಫಿಕ್ಕಿನಲ್ಲಿ ದಿನ ಹಾಳಾಗಲ್ಲ. ಆ ಉಳಿದ ಹೊತ್ತನ್ನ ಓದಿಗೆ ಹಾಕೋ ಹಟ ಇದ್ದರೆ ಗೇಟ್ ಮೂಲಕ ಎಲ್ಲಿಗೆ ಬೇಕಾದರೂ ಹೋಗಬಹುದು. ಗೇಟ್‌ಗೆ ನೀವು ಯಾವ ಕಾಲೇಜಿನವರು ಅನ್ನೋದು ಲೆಕ್ಕಕ್ಕಿಲ್ಲ. 100 ಅಂಕದ ಪೇಪರು, ಮೂರು ಗಂಟೆ. ಈಗ ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರು ಮೂರು ವರ್ಷ ನಡೆಯುತ್ತೆ. ಆದರೆ ಸ್ಕೋರು ಬಂದ ಮೇಲೆ ಸಂಶೋಧನೆಯ ಸೀಟಿಗೆ ಇಂಟರ್‌ವ್ಯೂ ಇರುತ್ತೆ. ವಿಟಿಯು ಪ್ರಶ್ನೆಪತ್ರಿಕೆಗಳನ್ನ ಉರು ಹೊಡೆದು ಪಾಸಾದ ನನ್ನಂಥವರ ಬಣ್ಣ ಬಯಲಾಗೋದು ಅಲ್ಲೇ.

ನನ್ನ ಮೊದಲ ಇಂಟರ್‌ವ್ಯೂ ಹೇಳ್ತೀನಿ. ಯಾವ ವಿಷಯ ಕೇಳೋಣ ಅಂದರು, ಡೇಟಾ ಸ್ಟ್ರಕ್ಚರ್ಸ್ ಅಂದೆ, ಧೈರ್ಯವಾಗೇ. ಹ್ಯಾಶ್ ಟೇಬಲ್ (ಕೀ ಅನ್ನೋ ಗುರುತಿನ ಪ್ರಕಾರ ಮಾಹಿತಿಯನ್ನ ಗೂಡುಗಳಿಗೆ ಹಂಚೋ ವಿಧಾನ) ಗೊತ್ತಾ? ಗೊತ್ತು ಸರ್. ಸರಿ, 100 ಗೂಡು ಇವೆ, 100 ಕೀಗಳನ್ನ ಕಣ್ಣು ಮುಚ್ಚಿ ಹಾಕಿದ ಹಾಗೆ ಒಂದೊಂದಾಗಿ ಹಾಕಿದೆವು, ಸರಾಸರಿ ಎಷ್ಟು ಗೂಡು ಖಾಲಿ ಉಳಿಯುತ್ತೆ? ನಾನು ಹ್ಯಾಶಿಂಗ್‌ನ ವ್ಯಾಖ್ಯೆ ಹೇಳೋಕೆ ಶುರು ಮಾಡಿದೆ. ಅವರು ಚಾಕ್‌ಪೀಸ್ ಕೈಗೆ ಕೊಟ್ಟರು. ಬೋರ್ಡಿನ ಮುಂದೆ ಐದು ನಿಮಿಷ ಸುಮ್ನೆ ನಿಂತೆ. ಒಂದು ಗೂಡನ್ನ ಒಂದು ಕೀ ತಪ್ಪಿಸಿಕೊಂಡು ಹೋಗೋ ಸಾಧ್ಯತೆ 0.99, ನೂರು ಸಲ ತಪ್ಪಿಸಿಕೊಳ್ಳಬೇಕು ಅಂದ್ರೆ 0.99ರ ನೂರನೇ ಘಾತ, ಹೆಚ್ಚುಕಮ್ಮಿ 0.37, ಅಂದ್ರೆ 37 ಗೂಡು ಖಾಲಿ. ಅಷ್ಟೇ ಲೆಕ್ಕ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗೂಡು ಖಾಲಿ ಬಿದ್ದಿರುತ್ತೆ ಅನ್ನೋದು ನಾಲ್ಕು ವರ್ಷ ಓದಿ ಅಷ್ಟು ಅಂಕ ತಗೊಂಡ ನನಗೆ ಹೊಸ ಸುದ್ದಿ. ಆ ವರ್ಷ ಸೀಟು ಸಿಗಲಿಲ್ಲ. ಮುಂದಿನ ವರ್ಷ ಬೇರೆ ಕಡೆ ಸಿಕ್ಕಿತು, ನಡುವೆ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ ಎರಡನ್ನೂ ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠ ನೋಡಿ ಮೊದಲಿಂದ ಕಲಿತೆ. ಪಾಠ ನೋಡೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಫೀ.

ಬಳ್ಳಾರಿಯಲ್ಲೇ ಓದೋದಾದರೆ ಪತ್ರ ಬರೆಯೋರನ್ನ ಹೊರಗೆ ಹುಡುಕಬೇಕು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡ್ತವೆ, ಐಐಟಿಗಳು ಕೂಡ ಬೇಸಿಗೆಯಲ್ಲಿ ಹೊರಗಿನ ಹುಡುಗರನ್ನ ತಗೊಳ್ತವೆ. ಎರಡನೇ ವರ್ಷದಿಂದಲೇ ಅರ್ಜಿ ಹಾಕಿ. ಎರಡು ತಿಂಗಳು ನಿಮ್ಮ ಕೆಲಸ ನೋಡಿದವರು ಬರೆಯೋ ಪತ್ರದ ಮುಂದೆ ನನ್ನ ಹಾಜರಿ ಪತ್ರ ಎಲ್ಲಿಯದು. ಮತ್ತೆ ಕೊನೇ ವರ್ಷದ ಪ್ರಾಜೆಕ್ಟನ್ನ ದುಡ್ಡು ಕೊಟ್ಟು ರೆಡಿಮೇಡ್ ತರೋ ಅಭ್ಯಾಸ ಇದೆಯಲ್ಲ, ಅದರ ಹತ್ತಿರಕ್ಕೂ ಹೋಗಬೇಡಿ. ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳ್ತೀರಿ.

ಮನೆಯಲ್ಲಿ ದುಡ್ಡಿನ ಮಾತು ಬಂದೇ ಬರುತ್ತೆ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತಿದ್ದರು. ಕೆಲಸ ಬಿಟ್ಟು ಮತ್ತೆ ಓದ್ತೀನಿ ಅಂದಾಗ ಎರಡು ದಿನ ಮಾತೇ ಆಡಲಿಲ್ಲ. ಗೇಟ್‌ನಲ್ಲಿ ಎಂಟೆಕ್ ಸೇರಿದರೆ ತಿಂಗಳಿಗೆ 12,400 ಅವರೇ ಕೊಡ್ತಾರೆ ಅಂತ ಮೂರನೇ ದಿನ ಹೇಳಿದೆ. "ಓದಾಕ ಅವ್ರೇ ರೊಕ್ಕ ಕೊಡ್ತಾರಾ?" ಅಂತ ಎರಡು ಸಲ ಕೇಳಿದರು, ಆಮೇಲೆ ಹೂಂ ಅಂದರು. ಪಿಎಚ್‌ಡಿ ಫೆಲೋಶಿಪ್ ಈಗ ಶುರುವಿನಲ್ಲೇ 37,000. ಅಮೆರಿಕದಲ್ಲೂ ಎಂಎಸ್‌ಗೆ ಸಾಮಾನ್ಯವಾಗಿ ನೀವೇ ಕಟ್ಟಬೇಕು, ಪಿಎಚ್‌ಡಿಗೆ ಸಾಮಾನ್ಯವಾಗಿ ಅವರೇ ಕೊಡ್ತಾರೆ, ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇದನ್ನ ನಿಮ್ಮ ಮನೆಯಲ್ಲಿ ಹೇಳಿ ನೋಡಿ.

ಕೊನೆಗೆ, ಸೀಟು ಒಪ್ಪಿಕೊಳ್ಳೋ ಮೊದಲು ರಾಯಚೂರಿಗೆ ಒಂದು ದಿನ ಹೋಗಿ ಬನ್ನಿ. ನಿಮಗೆ ಸಿಂಧನೂರು, ಮಾನ್ವಿ ಮೇಲೆ ಬಸ್ಸಿದೆ. ರಜೆ ದಿನ ಬೇಡ, ಅಪ್ಪನನ್ನ ಆಫೀಸಿನ ಹತ್ರ ಕೂರಿಸಿ ನೀವೊಬ್ಬರೇ ಕ್ಯಾಂಟೀನಿಗೆ ಹೋಗಿ ಮೂರನೇ ವರ್ಷದ ಯಾರನ್ನಾದರೂ ಮಾತಾಡಿಸಿ. ಯಾವ ಸರ್ ಜೊತೆ ಏನು ಕೆಲಸ ಮಾಡ್ತಿದ್ದೀರಿ ಅಂತ ಕೇಳಿ. ನಾಲ್ಕು ಜನರಲ್ಲಿ ಇಬ್ಬರು ಒಂದು ಹೆಸರು ಹೇಳಿ ತಮ್ಮ ಲ್ಯಾಪ್‌ಟಾಪ್ ತೆಗೆದು ತೋರಿಸಿದರೆ ಸೀಟು ತಗೊಳ್ಳಿ. ನಾಲ್ಕೂ ಜನ ಪ್ಯಾಕೇಜಿನ ಮಾತೇ ಆಡಿದರೆ ಬಂದು ಇಲ್ಲಿ ಇನ್ನೊಂದು ಸಲ ಬರೀರಿ, ಆಗ ಬೆಂಗಳೂರಿನ ಕಾಲೇಜು ಯಾವುದು ಅಂತಾನೂ ಹೇಳಿ, ನೋಡೋಣ.