ಪಂಜರಕ್ಕೂ ‘ಕೇಜಿ’ಗೂ ನಂಟಿದೆಯೇ?

ಪ್ರಶ್ನೆ: ರಾಜಕಾರಣಿಯೊಬ್ಬರು ಮುಂದಿನ ಚುನಾವಣೆಯ ಬಗ್ಗೆ ‘ಕೇಜಿ’ (cagey) ಆಗಿದ್ದರು ಎಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದೆ. ಇದು ಪಂಜರ ಎಂಬರ್ಥದ ‘ಕೇಜ್’ನಿಂದ ಬಂದದ್ದೇ? ಸಂಕೋಚದವರಿಗೂ ಹೀಗೆನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇವೆ. ಸಂಕೋಚದವರಿಗೆ ಈ ಪದ ಸಲ್ಲದು. ಅವರಿಗೆ ಬಾಯಿ ತೆರೆಯುವುದೇ ಕಷ್ಟ. ‘ಕೇಜಿ’ ಆದವರು ಧಾರಾಳವಾಗಿ ಮಾತಾಡಬಲ್ಲರು, ಒಂದು ವಿಷಯ ಮಾತ್ರ ಹೊರಬಿಡುವುದಿಲ್ಲ. ನಿಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿ ಬಂದವರನ್ನು ‘ಕ್ವಿಂಟಲ್‌ಗೆ ಎಷ್ಟು ಸಿಕ್ತು?’ ಎಂದು ಕೇಳಿ ನೋಡಿ. ಮಳೆ, ಗೊಬ್ಬರ, ಮಗಳ ಮದುವೆ ಎಲ್ಲ ಹೇಳಿ, ರೇಟಿನ ಹತ್ತಿರ ಬಂದಾಗ ‘ಏನೋ ಆತು ಬಿಡ್ರಿ’ ಎಂದು ಜಾರಿಕೊಳ್ಳುತ್ತಾರಲ್ಲ, ಅದು ‘ಕೇಜಿ’. ಹೀಗೆ ಒಂದು ವಿಷಯಕ್ಕೆ ಅಂಟಿದ ಪದವಾದ್ದರಿಂದಲೇ ಇದರ ಬೆನ್ನಿಗೆ ಸಾಮಾನ್ಯವಾಗಿ ‘ಅಬೌಟ್’ ಬರುತ್ತದೆ.

ಕನ್ನಡಕ್ಕೆ ತರುವಾಗ ಒಂದೇ ಗುಣವಾಚಕಕ್ಕಾಗಿ ತಡಕಾಡಬೇಡಿ. ‘ಗುಟ್ಟು ಬಿಟ್ಟುಕೊಡಲಿಲ್ಲ’, ‘ಹಾರಿಕೆಯ ಉತ್ತರ ಕೊಟ್ಟರು’ ಎಂದರೆ ಸಲೀಸು. ‘ಗುಮ್ಮನಗುಸುಕ’ ಮಾತ್ರ ಬೇಡವೇ ಬೇಡ. ಅದು ಮನುಷ್ಯನ ಇಡೀ ಸ್ವಭಾವಕ್ಕೆ ಹಚ್ಚುವ ಮಾತು, ಕಪಟದ ವಾಸನೆಯೂ ಅದಕ್ಕಿದೆ. ಫುಟ್‌ಬಾಲ್ ವರದಿಯಲ್ಲಿ ಆಟವೇ ‘ಕೇಜಿ’ ಎಂದಿದ್ದರೆ, ಎರಡೂ ತಂಡ ಮೈಮೇಲೆ ಎಳೆದುಕೊಳ್ಳದೆ ಎಚ್ಚರದಿಂದ ಆಡಿದವು ಎಂದರ್ಥ.

ಇನ್ನು ಪಂಜರದ ವಿಚಾರ. ನಿಮ್ಮ ಊಹೆಗೆ ವ್ಯಾಕರಣದ ಅಡ್ಡಿಯಿಲ್ಲ. ‘ರೇನ್’ಗೆ ವೈ ಸೇರಿ ‘ರೇನಿ’, ‘ಸಾಲ್ಟ್’ಗೆ ಸೇರಿ ‘ಸಾಲ್ಟಿ’ ಆಗುತ್ತವೆ. ಆದರೆ ಪಂಜರದಿಂದ ಗುಟ್ಟಿನ ಅರ್ಥಕ್ಕೆ ಬಂದ ದಾರಿಯನ್ನು ತೋರಿಸುವ ಹಳೆಯ ಬರಹವಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಆಡುಮಾತಿನಲ್ಲಿ ಕಾಣಿಸಿಕೊಂಡ ಈ ಪದಕ್ಕೆ ಪ್ರಮುಖ ನಿಘಂಟುಗಳು ‘ಮೂಲ ತಿಳಿಯದು’ ಎಂದೇ ಬರೆದಿವೆ. ಅರ್ಥ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಮೂಲ ಕಟ್ಟುವುದು ಪದಗಳ ವಿಚಾರದಲ್ಲಿ ಪದೇ ಪದೇ ಆಗುವ ತಪ್ಪು. ‘ಕೇಜ್’ನ ವಂಶವಾದರೋ ಸ್ಪಷ್ಟ: ಲ್ಯಾಟಿನ್ನಿನ ‘ಕೇವಿಯ’ದಿಂದ ಫ್ರೆಂಚ್ ಹಾದು ಬಂದದ್ದು. ಅದೇ ‘ಕೇವಿಯ’ದ ಕಿರಿದಾದ ರೂಪದಿಂದ ಹುಟ್ಟಿದ್ದು ನಾವು ದಿನಾ ಬಳಸುವ ‘ಜೈಲು’!

ಕಾಗುಣಿತದಲ್ಲಿ ಜಿ ನಂತರ ಇ ಬರೆದರೂ ಸರಿ, ಬಿಟ್ಟರೂ ಸರಿ. ಇ ಇರುವುದೇ ಹೆಚ್ಚು ಬಳಕೆಯಲ್ಲಿದೆ. ಕೆಲಸದ ಸಂದರ್ಶನದಲ್ಲಿ ಮಾತ್ರ ನಿಮ್ಮ ಬಗ್ಗೆ ಹೀಗೆ ಹೇಳಿಕೊಳ್ಳಬೇಡಿ, ಏನನ್ನೋ ಮುಚ್ಚಿಡುವವರೆಂದು ಕೇಳಿಸುತ್ತದೆ. ಮಿತಭಾಷಿ ಎನ್ನಬೇಕಾದರೆ ‘ರಿಸರ್ವ್ಡ್’ ಸಾಕು.