ರೇಡ್ 5ರಲ್ಲಿ ಎರಡು ಡಿಸ್ಕ್ ಹೊರಬಿದ್ದಿವೆ, ಏನು ಮಾಡಲಿ?

ಪ್ರಶ್ನೆ: ಲಿನಕ್ಸ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಎಂಡಿಎಡಿಎಂ ಎಂಬ ತಂತ್ರಾಂಶದ ಮೂಲಕ ಸೇರಿಸಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವ ಜೋಡಣೆ) ಮಾಡಿಕೊಂಡಿದ್ದೆ. ನಾಲ್ಕನೆಯ ಡಿಸ್ಕ್ ಮೂರು ವಾರಗಳ ಹಿಂದೆಯೇ ಹೊರಬಿದ್ದಿತ್ತು. ನಾನು ಗಮನಿಸಿದ್ದು ಮೊನ್ನೆ. ಹೊಸ ಡಿಸ್ಕ್ ಹಾಕಿ ಮರುನಿರ್ಮಾಣಕ್ಕೆ ಬಿಟ್ಟೆ. ಶೇ 63ಕ್ಕೆ ಬಂದಾಗ ಮೂರನೆಯದೂ ಕೈಕೊಟ್ಟಿತು. ಈಗ ಅರೇ (ಡಿಸ್ಕ್‌ಗಳ ಈ ಜೋಡಣೆ) ಏಳುತ್ತಲೇ ಇಲ್ಲ. ಇವೆಂಟ್ ಸಂಖ್ಯೆ ಮೊದಲೆರಡು ಡಿಸ್ಕ್‌ಗಳಲ್ಲಿ 48211, ಮೂರನೆಯದರಲ್ಲಿ 48207, ಹಳೆಯ ನಾಲ್ಕನೆಯದರಲ್ಲಿ 31950 ಎಂದು ತೋರಿಸುತ್ತಿದೆ. ‘ಕ್ರಿಯೇಟ್’ ಆದೇಶ ಕೊಟ್ಟು ಹೊಸದಾಗಿ ಕಟ್ಟು, ಎಲ್ಲ ಬರುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಬ್ಯಾಕಪ್ ಇಲ್ಲ. ಕೊಡಲೇ?

ಉತ್ತರ: ಕೊಡಬೇಡಿ. ಪ್ರಶ್ನೆ ಕಳುಹಿಸುವ ಮೊದಲೇ ಕೊಟ್ಟುಬಿಡಲಿಲ್ಲವಲ್ಲ, ಅಷ್ಟರಮಟ್ಟಿಗೆ ನೀವು ಗೆದ್ದಿದ್ದೀರಿ.

ನೀವು ಬರೆದಿರುವ ಆ ನಾಲ್ಕು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಅರೇಯ ಸ್ಥಿತಿ ಬದಲಾದಾಗಲೆಲ್ಲ ಪ್ರತಿ ಡಿಸ್ಕ್‌ನ ಸೂಪರ್‌ಬ್ಲಾಕ್‌ನಲ್ಲಿ (ಅರೇಯ ವಿವರ ಬರೆದಿಟ್ಟ ಜಾಗ) ಇರುವ ಇವೆಂಟ್ ಸಂಖ್ಯೆ ಏರುತ್ತದೆ. ಹೊರಬಿದ್ದ ಡಿಸ್ಕ್‌ನಲ್ಲಿ ಅದು ಅಲ್ಲಿಗೇ ನಿಂತುಬಿಡುತ್ತದೆ. ಮೂರನೆಯ ಡಿಸ್ಕ್ ಹಿಂದುಳಿದಿರುವುದು ಬರೀ ನಾಲ್ಕು ಹೆಜ್ಜೆ. ನಾಲ್ಕನೆಯದು ಮೂರು ವಾರಗಳಷ್ಟು ಹಳಸಿದ್ದು. ರೇಡ್ 5ಕ್ಕೆ ನಾಲ್ಕರಲ್ಲಿ ಮೂರು ಇದ್ದರೆ ಸಾಕು, ಇಲ್ಲದ ಒಂದರ ಪಾಲನ್ನು ಪ್ಯಾರಿಟಿಯಿಂದ (ದತ್ತಾಂಶದ ಜತೆಗೇ ಬರೆದಿಟ್ಟ ತಾಳೆ ಲೆಕ್ಕ) ಲೆಕ್ಕಹಾಕಿಕೊಳ್ಳುತ್ತದೆ. ಹಾಗಾಗಿ ನಿಮಗೆ ಬೇಕಾಗಿರುವುದು ಒಂದು, ಎರಡು ಮತ್ತು ಮೂರು. ‘ಆ ಡಿಸ್ಕ್ ಚೆನ್ನಾಗಿಯೇ ಓದಿಸುತ್ತಿದೆಯಲ್ಲ’ ಎಂದು ನಾಲ್ಕನೆಯದನ್ನು ಒತ್ತಾಯದಿಂದ ಸೇರಿಸಿದರೆ ಮೂರು ವಾರಗಳ ಹಿಂದಿನ ತುಣುಕುಗಳು ಇಂದಿನ ತುಣುಕುಗಳ ನಡುವೆ ಹೊಕ್ಕು ಕಡತವ್ಯವಸ್ಥೆ ಕಲಸುಮೇಲೋಗರವಾಗುತ್ತದೆ.

ಮೂರನೆಯ ಡಿಸ್ಕ್ ಪೂರ್ತಿ ಸತ್ತಿದೆ ಎಂದೂ ತಿಳಿಯಬೇಡಿ. ಮರುನಿರ್ಮಾಣವೆಂದರೆ ಉಳಿದ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯಲ್ಲಿ ಕೆಟ್ಟು ಕುಳಿತ ಒಂದು ಸೆಕ್ಟರ್ (ಡಿಸ್ಕ್‌ನ ಪುಟ್ಟ ತುಣುಕು) ಆಗ ಎದುರಾಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಅದನ್ನು ಓದಲು ನಿಮಿಷಗಟ್ಟಲೆ ಹೆಣಗಾಡಬಹುದು. ಲಿನಕ್ಸ್‌ನ ತಿರುಳಾದ ಕರ್ನಲ್ ಮಾತ್ರ ಸಾಮಾನ್ಯವಾಗಿ 30 ಸೆಕೆಂಡು ಕಾದು, ಉತ್ತರ ಬರಲಿಲ್ಲವೆಂದು ಸಂಪರ್ಕವನ್ನು ರೀಸೆಟ್ ಮಾಡುತ್ತದೆ. ಒಂದು ಸೆಕ್ಟರ್‌ನ ತಪ್ಪಿಗೆ ಇಡೀ ಡಿಸ್ಕ್ ಹೊರಗೆ. ನಿಮ್ಮಲ್ಲೂ ಆಗಿರುವುದು ಬಹುಶಃ ಇದೇ. ಕರ್ನಲ್ ಲಾಗ್ ಮತ್ತು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿ ನೋಡಿದರೆ ಖಚಿತವಾಗುತ್ತದೆ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮಾತು ಬೇರೆ: ತಕ್ಷಣ ವಿದ್ಯುತ್ ತೆಗೆದು ಪ್ರಯೋಗಾಲಯಕ್ಕೆ ಕೊಡಿ.

ಈಗ ಕೆಲಸ. ಎಲ್ಲ ಡಿಸ್ಕ್‌ಗಳ ‘ಎಕ್ಸಾಮಿನ್’ ವಿವರವನ್ನು (ಎಂಡಿಎಡಿಎಂ ತೋರಿಸುವ ಸೂಪರ್‌ಬ್ಲಾಕ್ ಮಾಹಿತಿ) ಬೇರೆ ಯಂತ್ರದಲ್ಲಿ ಉಳಿಸಿಕೊಳ್ಳಿ. ಪ್ರತಿ ಡಿಸ್ಕ್‌ಗೂ ಸೀರಿಯಲ್ ಸಂಖ್ಯೆ ಬರೆದ ಚೀಟಿ ಅಂಟಿಸಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದಲುಬದಲಾಗಬಹುದು. ಆಮೇಲೆ ಮೂರನೆಯ ಡಿಸ್ಕನ್ನು ಕೆಟ್ಟ ಡಿಸ್ಕ್‌ನಿಂದ ಓದಲಾದಷ್ಟನ್ನು ನಕಲಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ನಕಲು ಮಾಡಿ. ಎಲ್ಲಿಗೆ? ಶೇ 63ಕ್ಕೆ ನಿಂತ ಹೊಸ ಡಿಸ್ಕ್ ಇದೆಯಲ್ಲ, ಅದರಲ್ಲಿರುವ ಅರೆಬರೆ ದತ್ತಾಂಶ ನಿಮಗೆ ಬೇಕಿಲ್ಲ. ಅಳತೆ ಮೂರನೆಯದಕ್ಕಿಂತ ಕಡಿಮೆಯಿಲ್ಲ ಎಂದು ಖಚಿತಪಡಿಸಿಕೊಂಡು ಅದಕ್ಕೇ ನಕಲಿಸಿ. ಮ್ಯಾಪ್ ಕಡತ ಕೊಡಲು ಮಾತ್ರ ಮರೆಯಬೇಡಿ. ಯಾವ ಭಾಗ ಓದಲಾಯಿತು, ಯಾವುದು ಉಳಿಯಿತು ಎಂಬುದು ಅದರಲ್ಲಿ ದಾಖಲಾಗುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಮೂಲ ಯಾವುದು, ಗುರಿ ಯಾವುದು ಎಂದು ಎರಡು ಸಲ ನೋಡಿ ಎಂಟರ್ ಒತ್ತಿ. ಈ ಘಟ್ಟದಲ್ಲಿ ಅದಲುಬದಲಾದರೆ ನನ್ನ ಬಳಿಯೂ ಮದ್ದಿಲ್ಲ.

ನಕಲು ಮುಗಿದ ಮೇಲೆ ಮೂರನೆಯ ಮೂಲ ಡಿಸ್ಕನ್ನು ಕಳಚಿಡಿ. ಮೂಲ ಮತ್ತು ನಕಲು ಎರಡರಲ್ಲೂ ಒಂದೇ ಗುರುತಿನ ಸೂಪರ್‌ಬ್ಲಾಕ್ ಇರುವುದರಿಂದ ಎಂಡಿಎಡಿಎಂ ಗೊಂದಲಕ್ಕೆ ಬೀಳುತ್ತದೆ. ಒಂದು, ಎರಡು ಮತ್ತು ನಕಲಿನ ಮೇಲೆ ಲಿನಕ್ಸ್‌ನ ಡಿವೈಸ್ ಮ್ಯಾಪರ್ ಸೌಲಭ್ಯದ ಸ್ನ್ಯಾಪ್‌ಶಾಟ್ ಪದರ ಹಾಸಿ. ಬರೆಯುವುದೆಲ್ಲ ಬೇರೆಡೆ ಇರುವ ಕಡತಕ್ಕೆ ಹೋಗುತ್ತದೆ, ಡಿಸ್ಕ್ ಇದ್ದಂತೆಯೇ ಇರುತ್ತದೆ. ಎಡವಿದರೆ ಪದರ ಕಿತ್ತೆಸೆದು ಮತ್ತೆ ಹಾಸಬಹುದು. ನಂತರ ಈ ಮೂರು ಪದರಗಳ ಹೆಸರನ್ನು ಮಾತ್ರ ಕೊಟ್ಟು ಎಂಡಿಎಡಿಎಂನ ‘ಅಸೆಂಬಲ್’ ಆದೇಶದ ಜತೆ ‘ಫೋರ್ಸ್’ ಆಯ್ಕೆ ಬಳಸಿ. ನಾಲ್ಕು ಹೆಜ್ಜೆಯ ವ್ಯತ್ಯಾಸವನ್ನು ಅದು ಕ್ಷಮಿಸಿ ಅರೇಯನ್ನು ಎಬ್ಬಿಸುತ್ತದೆ. ಮೌಂಟ್ ಮಾಡುವುದು (ಕಡತಗಳು ಕಾಣುವಂತೆ ತೆರೆಯುವುದು) ಓದಲು ಮಾತ್ರ: ಕಡತವ್ಯವಸ್ಥೆ ಇಎಕ್ಸ್‌ಟಿ4 ಆದರೆ ‘ನೋಲೋಡ್’, ಎಕ್ಸ್‌ಎಫ್‌ಎಸ್ ಆದರೆ ‘ನೋರಿಕವರಿ’ ಸೇರಿಸಿ. ಮೊದಲು ಮುಖ್ಯವಾದುದನ್ನು ಹೊರಗೆ ನಕಲಿಸಿ. ಕಡತವ್ಯವಸ್ಥೆ ಸರಿಪಡಿಸುವ ಎಫ್‌ಎಸ್‌ಸಿಕೆ ಅಗತ್ಯವಾದರೆ ಆಮೇಲೆ, ಅದೂ ಪದರದ ಮೇಲೆ.

ಸ್ನೇಹಿತರ ‘ಕ್ರಿಯೇಟ್’ ಬಗ್ಗೆ ಇಷ್ಟು ಹೇಳಬೇಕು. ಅದು ಹಳೆಯ ಸೂಪರ್‌ಬ್ಲಾಕ್ ಅಳಿಸಿ ಹೊಸದನ್ನು ಬರೆಯುತ್ತದೆ. ನಾಲ್ಕು ಡಿಸ್ಕ್‌ಗಳನ್ನು ಜೋಡಿಸುವ ಕ್ರಮಗಳೇ 24. ಒಂದು ಡಿಸ್ಕ್‌ಗೆ ಒಮ್ಮೆಗೆ ಬರೆಯುವ ತುಣುಕಿನ (ಚಂಕ್) ಅಳತೆ ಹಿಂದೆ 64 ಕೆಬಿ ಇದ್ದದ್ದು ಈಗ ತಾನಾಗಿ 512 ಕೆಬಿ. ದತ್ತಾಂಶ ಶುರುವಾಗುವ ಜಾಗವೂ ಆವೃತ್ತಿಯಿಂದ ಆವೃತ್ತಿಗೆ ಸರಿದಿದೆ. ಇಷ್ಟೂ ಸರಿಯಾಗಿ ಕೂಡಿಬಂದರೂ ‘ಅಸ್ಯೂಮ್ ಕ್ಲೀನ್’ (ಎಲ್ಲ ಸರಿಯಿದೆ ಎಂದುಕೋ) ಎಂದು ಹೇಳದಿದ್ದರೆ ಒಂದು ಡಿಸ್ಕನ್ನು ಹೊಸದಾಗಿ ತುಂಬಿಸಲು ಹೊರಡುತ್ತದೆ. ಸೂಪರ್‌ಬ್ಲಾಕ್‌ಗಳೇ ನಾಶವಾದವರ ಕೊನೆಯ ದಾರಿ ಅದು. ನಿಮ್ಮವು ಗಟ್ಟಿಯಾಗಿವೆ.

ಇನ್ನು ಹಳಸಿದ ನಾಲ್ಕನೆಯ ಡಿಸ್ಕ್. ಮೂರನೆಯದರಲ್ಲಿ ಕೆಲವು ಸೆಕ್ಟರ್‌ಗಳು ಕೊನೆಗೂ ಓದಲಾಗದೆ ಉಳಿದರೆ, ಆ ಜಾಗಗಳಲ್ಲಿ ಈ ಮೂರು ವಾರಗಳಲ್ಲಿ ಯಾವ ಬರಹವೂ ಆಗಿರದಿದ್ದರೆ, ಅಲ್ಲಿನ ಮಟ್ಟಿಗೆ ನಾಲ್ಕನೆಯದು ಇನ್ನೂ ಸರಿಯಾಗಿಯೇ ಇರುತ್ತದೆ. ಒಂದು, ಎರಡು ಮತ್ತು ಅದನ್ನು ಸೇರಿಸಿ ಲೆಕ್ಕ ಹಾಕಿ ಆ ತುಣುಕುಗಳನ್ನು ಬಲ್ಲವರು ಕೈಯಾರೆ ತುಂಬಬಹುದು. ಕಡತಗಳನ್ನೆಲ್ಲ ತೆರೆದು ನೋಡುವವರೆಗೆ ಅದನ್ನು ಅಳಿಸಬೇಡಿ, ಬೇರೆ ಕೆಲಸಕ್ಕೂ ಕೊಡಬೇಡಿ.